ಗೃಹಚಿಂತೆಯೂ ಹರಿಸೇವೆಯೂ

ಶ್ರಾವಣ ಬಹುಳ ದ್ವಿತೀಯೆಯ ಆರಾಧನೆಯಂದು ನಾವು ಮಂತ್ರಾಲಯದ ಗುರುರಾಯರನ್ನು ಸ್ಮರಿಸುತ್ತೇವೆ. ಬಡತನದಲ್ಲಿ ಸಂಸಾರ ನಡೆಸಿದ ಗೃಹಸ್ಥ ವೇಂಕಟನಾಥರನ್ನು ಮರೆಯುತ್ತೇವೆ. ಪೀಠವನ್ನು ಸ್ವೀಕರಿಸಲು ಗುರುಗಳು ಆಜ್ಞಾಪಿಸಿದಾಗ ಪತ್ನಿ ಸರಸ್ವತಿಯ ಎಳೆವಯಸ್ಸನ್ನೂ, ಮಗ ಲಕ್ಷ್ಮೀನಾರಾಯಣನಿಗೆ ಇನ್ನೂ ಉಪನಯನವಾಗದಿದ್ದುದನ್ನೂ ನೆನೆದು ಅವರು ಹಿಂಜರಿದರೆಂಬುದು ಪ್ರಸಿದ್ಧ. ಮಗನ ಉಪನಯನವನ್ನು ನೆರವೇರಿಸಿಯೇ 1621ರಲ್ಲಿ ಸಂನ್ಯಾಸ ಸ್ವೀಕರಿಸಿದರು. ಆದುದರಿಂದ ಮನೆಯ ಚಿಂತೆ ದೋಷವಲ್ಲ. ಅದನ್ನು ಹರಿಗೆ ಅರ್ಪಿಸದಿರುವುದೇ ಲೋಪ.

ದ್ವಾದಶಿಯ ಮುಂಜಾನೆ ಪಾರಣೆಯ ಅಡಿಗೆ ಮುಗಿಸಿ, ಕೆಂಗೇರಿಯಲ್ಲಿ ಮೆಟ್ರೋ ಹಿಡಿದು ಕಚೇರಿಗೆ ಧಾವಿಸುವ ಸೊಸೆಯೊಳಗಿದ್ದು ಮಾಡಿಸುವವನು ಶ್ರೀಹರಿಯೇ. ಈ ಅನುಸಂಧಾನವಿದ್ದಲ್ಲಿ ಅವಳು ಸೌಟು ಹಿಡಿದುದೂ ಪೂಜೆಯೇ. ಆದರೆ ಅವಳೊಬ್ಬಳೇ ದಣಿಯುತ್ತಿರಲು ಉಳಿದವರು ಎಲೆಯ ಮುಂದೆ ಕಾದು ಕುಳಿತರೆ, ಆ ಪೂಜೆಯಲ್ಲಿ ಪಾಲು ಕಳೆದುಕೊಳ್ಳುವವರು ನಾವೇ. ಮುಂದಿನ ದ್ವಾದಶಿಗೆ ನಾವೂ ಬೇಗನೆದ್ದು ಅಗಸೆಸೊಪ್ಪನ್ನಾದರೂ ಬಿಡಿಸಿಕೊಡೋಣ.

ಶ್ರೀಕೃಷ್ಣಾರ್ಪಣಮಸ್ತು.