ಅಕ್ಷರವೂ ಅರ್ಹತೆಯೂ

ಓದು ಬರಹ ಬಾರದವನು ಊರನ್ನು ಆಳಬಹುದೆ? ಈ ಪ್ರಶ್ನೆಯನ್ನು ನನ್ನಂಥವನು ಎತ್ತಿದರೆ ಕೇಳುವವರಿಗೆ ಉತ್ತರ ಮೊದಲೇ ಗೊತ್ತಿರುತ್ತದೆ. ಅಕ್ಷರ ಕಲಿಸಿ ಅನ್ನ ಉಣ್ಣುವವನು ಅಕ್ಷರದ ಪಕ್ಷ ವಹಿಸದೆ ಇನ್ನೇನು ಮಾಡಿಯಾನು? ಬಹಳ ಕಾಲ ನಾನು ಆ ಪಕ್ಷವನ್ನೇ ವಹಿಸಿದ್ದೆ. ಜವಾನನ ಕೆಲಸಕ್ಕೂ ಎಸ್. ಎಸ್. ಎಲ್. ಸಿ. ಕೇಳುವ ದೇಶದಲ್ಲಿ ಮಂತ್ರಿಯಾಗುವುದಕ್ಕೆ ಏನೂ ಬೇಡವಲ್ಲ ಎಂದು ಕಾಫಿಯ ಮುಂದೆ ಕುಳಿತು ನಗುವ ಗುಂಪಿನಲ್ಲಿ ನಾನೂ ನಕ್ಕಿದ್ದೇನೆ.

ನಗೆಯ ಮಾತು ಹಾಗಿರಲಿ. ಇದೇ ಕೊರಗನ್ನು ನಗದೆ ಹೇಳಿದವರೂ ಇದ್ದಾರೆ. 1949ರ ನವೆಂಬರ್ 26ರಂದು ಸಂವಿಧಾನ ಸಭೆಯ ಕೊನೆಯ ಭಾಷಣದಲ್ಲಿ ಬಾಬು ರಾಜೇಂದ್ರಪ್ರಸಾದರು ತಮ್ಮ ಎರಡು ವಿಷಾದಗಳನ್ನು ತೋಡಿಕೊಂಡರು. ಶಾಸನ ಸಭೆಯ ಸದಸ್ಯರಿಗೆ ಯಾವ ವಿದ್ಯಾರ್ಹತೆಯನ್ನೂ ವಿಧಿಸಲಾಗಲಿಲ್ಲವೆಂಬುದು ಒಂದು. ಸಂವಿಧಾನವನ್ನು ಭಾರತದ ಭಾಷೆಯೊಂದರಲ್ಲಿ ರಚಿಸಲಾಗಲಿಲ್ಲವೆಂಬುದು ಇನ್ನೊಂದು. ಕಾನೂನನ್ನು ಜಾರಿ ಮಾಡುವವರಿಂದ ಉನ್ನತ ಅರ್ಹತೆಯನ್ನು ಅಪೇಕ್ಷಿಸಿ, ಕಾನೂನನ್ನು ಮಾಡುವವರಿಂದ ಏನನ್ನೂ ಅಪೇಕ್ಷಿಸದಿರುವುದು ಅವರಿಗೆ ಅಸಂಗತವಾಗಿ ಕಂಡಿತ್ತು. ಕನ್ನಡದ ಅಧ್ಯಾಪಕನಾದ ನನಗೆ ಆ ಎರಡನೆಯ ವಿಷಾದದಲ್ಲಿ ಪಾಲುಂಟು. ಮೊದಲನೆಯದರಲ್ಲಿಯೂ ಇತ್ತು, ಒಂದು ಕಾಲಕ್ಕೆ.

ಆದರೆ ಆ ಸಭೆ ಬೇರೆ ದಾರಿಯನ್ನೇ ಹಿಡಿಯಿತು. 1951ರ ಜನಗಣತಿಯ ಪ್ರಕಾರ ದೇಶದಲ್ಲಿ ಅಕ್ಷರಸ್ಥರು ನೂರಕ್ಕೆ 18 ಮಂದಿ. ಅಂಥ ಹೊತ್ತಿನಲ್ಲಿ 17 ಕೋಟಿಗೂ ಮೇಲ್ಪಟ್ಟ ಮತದಾರರನ್ನು ಪಟ್ಟಿ ಮಾಡಿ, ಓದಲಾರದವರಿಗೆಂದು ಜೋಡೆತ್ತು, ಗುಡಿಸಲು ಮುಂತಾದ ಗುರುತುಗಳನ್ನು ಮತಪೆಟ್ಟಿಗೆಗೆ ಅಂಟಿಸಿ ಚುನಾವಣೆ ನಡೆಸಲಾಯಿತು. ನಮ್ಮ ಮೈಸೂರಿನ ಹಿರಿಯರು ಅದಕ್ಕೆ ಎಪ್ಪತ್ತು ವರ್ಷ ಮುಂಚೆ, 1881ರಲ್ಲಿ, ರಂಗಾಚಾರ್ಲು ಅವರ ಪ್ರಜಾಪ್ರತಿನಿಧಿ ಸಭೆಯನ್ನು ಕಂಡಿದ್ದರು; ಅಲ್ಲಿ ಪ್ರಜೆಯ ಪ್ರತಿನಿಧಿಯೆಂದರೆ ಭೂಮಿಯುಳ್ಳವನು, ವರ್ತಕ. ಅಷ್ಟು ದೂರದಿಂದ ನಾವು ಬಂದಿದ್ದೇವೆ ಎಂಬುದನ್ನು ಜ್ಞಾಪಿಸಿಕೊಳ್ಳುವುದು ಒಳ್ಳೆಯದು.

ಹಳೆಯ ಕೊರಗು ಮತ್ತೆ ತಲೆಯೆತ್ತಿದ್ದು ಪಂಚಾಯತಿಗಳ ಮಟ್ಟದಲ್ಲಿ. 2014ರ ಡಿಸೆಂಬರಿನಲ್ಲಿ, ಚುನಾವಣೆ ಇನ್ನೇನು ಬಂತೆನ್ನುವಾಗ, ರಾಜಸ್ಥಾನ ಸರ್ಕಾರ ಸುಗ್ರೀವಾಜ್ಞೆ ಹೊರಡಿಸಿ, ಸರ್ಪಂಚನಾಗುವವನು ಎಂಟನೆಯ ತರಗತಿ ಮುಗಿಸಿರಬೇಕೆಂದು ವಿಧಿಸಿತು. ಮರುವರ್ಷ ಹರಿಯಾಣ ಇನ್ನೂ ಮುಂದೆ ಹೋಯಿತು. ಸಾಮಾನ್ಯ ವರ್ಗದ ಪುರುಷನಿಗೆ ಮೆಟ್ರಿಕ್. ಮಹಿಳೆಗೂ ಪರಿಶಿಷ್ಟ ಜಾತಿಯವರಿಗೂ ಎಂಟನೆಯ ತರಗತಿ. ಪರಿಶಿಷ್ಟ ಜಾತಿಯ ಮಹಿಳೆ ಬರಿಯ ಪಂಚ ಸ್ಥಾನಕ್ಕೆ ನಿಲ್ಲುವುದಾದರೆ ಐದನೆಯದು. ಜೊತೆಗೆ ಮನೆಯಲ್ಲಿ ಶೌಚಾಲಯವಿರಬೇಕು, ಸಹಕಾರಿ ಬ್ಯಾಂಕಿನ ಸಾಲವೂ ವಿದ್ಯುತ್ತಿನ ಬಿಲ್ಲೂ ಬಾಕಿ ಇರಕೂಡದು. ರಾಜಬಾಲಾ ಮತ್ತು ಇತರ ಮಹಿಳೆಯರು ಇದನ್ನು ಸುಪ್ರೀಂ ಕೋರ್ಟಿನಲ್ಲಿ ಪ್ರಶ್ನಿಸಿದರು. 2015ರ ಡಿಸೆಂಬರ್ 10ರಂದು ನ್ಯಾಯಮೂರ್ತಿ ಚೆಲಮೇಶ್ವರ್ ಮತ್ತು ನ್ಯಾಯಮೂರ್ತಿ ಸಪ್ರೆ ಅವರ ಪೀಠ ಕಾನೂನನ್ನು ಎತ್ತಿಹಿಡಿಯಿತು. ಸರಿ ತಪ್ಪು, ಒಳಿತು ಕೆಡುಕುಗಳನ್ನು ವಿವೇಚಿಸುವ ಶಕ್ತಿಯನ್ನು ಮನುಷ್ಯನಿಗೆ ಕೊಡುವುದು ವಿದ್ಯೆಯೊಂದೇ ಎಂಬ ಅರ್ಥದ ಮಾತು ಆ ತೀರ್ಪಿನಲ್ಲಿದೆ. ಶೌಚಾಲಯವಿಲ್ಲದಿರುವುದಕ್ಕೆ ಕಾರಣ ಬಡತನವಲ್ಲ, ಮನಸ್ಸಿಲ್ಲದಿರುವುದು ಎಂಬ ಮಾತೂ ಇದೆ.

ಸಂಪ್ರದಾಯಶೀಲರ ಈ ವಾದವನ್ನು ಕೂಡಲೇ ಧಿಕ್ಕರಿಸುವುದು ನನಗೆ ಸರಿಕಾಣುವುದಿಲ್ಲ. 1993ರ ತಿದ್ದುಪಡಿಯ ತರುವಾಯ ಪಂಚಾಯತಿಯ ಕೈಗೆ ಹಣ ಬಂದಿದೆ, ಕಾಮಗಾರಿ ಬಂದಿದೆ. ಹಣದೊಡನೆ ರಸೀದಿ, ಅಂದಾಜುಪಟ್ಟಿ, ನಡಾವಳಿ, ಲೆಕ್ಕಪರಿಶೋಧನೆ ಎಲ್ಲವೂ ಬಂದಿವೆ. ಓದಲಾರದ ಅಧ್ಯಕ್ಷ ಕಾರ್ಯದರ್ಶಿಯ ಕೈಗೊಂಬೆಯಾಗುತ್ತಾನೆ, ಓದಲಾರದ ಅಧ್ಯಕ್ಷೆ ಗಂಡನ ಕೈಗೊಂಬೆಯಾಗುತ್ತಾಳೆ ಎಂದರೆ ಅದು ಸುಳ್ಳಲ್ಲ. ಕಣ್ಣಾರೆ ಕಂಡ ಸಂಗತಿ. ಇದರ ವಿರುದ್ಧ ಕಾಮರಾಜರ ಹೆಸರನ್ನು ಹೇಳುವುದು ವಾಡಿಕೆ. ಎಳೆತನದಲ್ಲೇ ಶಾಲೆ ಬಿಟ್ಟ ಅವರು 1954ರಿಂದ 1963ರವರೆಗೆ ಮದರಾಸಿನ ಮುಖ್ಯಮಂತ್ರಿಯಾಗಿ ಊರೂರಿಗೆ ಶಾಲೆ ತೆರೆಸಿದರು, ಮಕ್ಕಳಿಗೆ ಮಧ್ಯಾಹ್ನದ ಊಟ ಹಾಕಿಸಿದರು. ನಿಜ, ಆದರೆ ಒಬ್ಬ ಕಾಮರಾಜರಿಂದ ಎಲ್ಲ ನಿರಕ್ಷರಿಗಳ ಯೋಗ್ಯತೆ ಸಿದ್ಧವಾಗುವುದಿಲ್ಲ. ಅಸಾಧಾರಣರನ್ನು ಮುಂದಿಟ್ಟು ಸಾಧಾರಣರ ಪರವಾಗಿ ವಾದಿಸುವುದು ವಕೀಲಿಯೇ ಹೊರತು ವಿಚಾರವಲ್ಲ.

ಹಾಗಾದರೆ ತೊಡಕು ಎಲ್ಲಿದೆ? ಮೊದಲನೆಯದಾಗಿ, ರಾಜೇಂದ್ರಪ್ರಸಾದರ ಕೊರಗು ಶಾಸಕರನ್ನು ಕುರಿತದ್ದು. ಹರಿಯಾಣದ ಶಾಸನ ಸಭೆ ಕಟ್ಟಳೆ ಮಾಡಿದ್ದು ತನಗಲ್ಲ, ಹಳ್ಳಿಗೆ. ವಿಧಾನಸಭೆಗೆ ನಿಲ್ಲುವವನು ಯಾವ ಪ್ರಮಾಣಪತ್ರವನ್ನೂ ತೋರಿಸಬೇಕಾಗಿಲ್ಲ, ಲೋಕಸಭೆಗೂ ಬೇಕಾಗಿಲ್ಲ. ಕಾನೂನು ಮಾಡಲು ಬೇಡವಾದ ವಿದ್ಯೆ ಚರಂಡಿ ತೆಗೆಸಲು ಬೇಕೆಂದರೆ ಇದು ಎಂಥ ತರ್ಕ? ವಿದ್ಯೆ ವಿವೇಕವನ್ನು ಕೊಡುವುದೇ ಆದರೆ ಅದರ ಅಗತ್ಯ ಮೇಲಕ್ಕೆ ಹೋದಂತೆಲ್ಲ ಹೆಚ್ಚಬೇಕಲ್ಲದೆ ಕಡಿಮೆಯಾಗಬಾರದು. ಈ ಪ್ರಶ್ನೆಗೆ ತೃಪ್ತಿಕರವಾದ ಸಮಾಧಾನವನ್ನು ನಾನು ಎಲ್ಲಿಯೂ ಕಂಡಿಲ್ಲ.

ಎರಡನೆಯದು ಇನ್ನೂ ಗಂಭೀರವಾದದ್ದು. ಜಾನ್ ಸ್ಟುವರ್ಟ್ ಮಿಲ್ ಹಿಂದುಳಿದ ವಿಚಾರದವನಲ್ಲ. ಆದರೂ 1861ರ ತನ್ನ ಗ್ರಂಥದಲ್ಲಿ, ಓದು ಬರಹ ಲೆಕ್ಕ ಬಾರದವನಿಗೆ ಮತವಿರಬಾರದೆಂದು ಅವನು ಹೇಳಿದ. ಅವನ ಅಭಿಮಾನಿಗಳು ಈ ಮಾತನ್ನು ಮುಚ್ಚಿಡಬಯಸುತ್ತಾರೆ, ವಿರೋಧಿಗಳು ಇದನ್ನೇ ಎತ್ತಿ ತೋರಿಸುತ್ತಾರೆ. ಇಬ್ಬರೂ ಅದರ ಮುಂದಿನ ಮಾತನ್ನು ಬಿಟ್ಟುಬಿಡುತ್ತಾರೆ. ಮತವನ್ನು ಸಾರ್ವತ್ರಿಕಗೊಳಿಸುವ ಮುನ್ನ ವಿದ್ಯೆಯನ್ನು ಸಾರ್ವತ್ರಿಕಗೊಳಿಸಬೇಕು, ಅದು ಸಮಾಜದ ಕರ್ತವ್ಯ ಎಂಬುದು ಆ ಮಾತು. ಹರಿಯಾಣದ ಹಳ್ಳಿಗಳಲ್ಲಿ ಈ ಕಟ್ಟಳೆಯಿಂದ ಚುನಾವಣೆಗೆ ನಿಲ್ಲಲಾರದೆ ಹೋದವರು ಹತ್ತರಲ್ಲಿ ನಾಲ್ವರಿಗಿಂತ ಹೆಚ್ಚು; ಅವರಲ್ಲಿ ಹೆಂಗಸರ ಪಾಲು, ದಲಿತ ಹೆಂಗಸರ ಪಾಲು ಎಷ್ಟಿರಬಹುದೆಂದು ಊಹಿಸಲು ಪಂಡಿತನಾಗಬೇಕಾಗಿಲ್ಲ. ಐವತ್ತು ವರ್ಷದ ಹೆಂಗಸೊಬ್ಬಳು ಎಂಟನೆಯ ತರಗತಿ ಓದಿಲ್ಲವೆಂದರೆ, ಅವಳು ಆರು ವರ್ಷದವಳಾಗಿದ್ದಾಗ ಊರಿನಲ್ಲಿ ಶಾಲೆ ಇರಲಿಲ್ಲ, ಅಥವಾ ಇದ್ದ ಶಾಲೆಗೆ ಅವಳನ್ನು ಕಳುಹಿಸದೆ ಎಮ್ಮೆ ಕಾಯಲು ಕಳುಹಿಸಿದರು. ತಪ್ಪು ಮಾಡಿದವರು ಒಬ್ಬರು, ದಂಡ ತೆತ್ತವರು ಇನ್ನೊಬ್ಬರು. ತಾನು ತೀರಿಸದ ಸಾಲಕ್ಕೆ ಸಾಲ ಕೊಟ್ಟವನನ್ನೇ ಜಪ್ತಿ ಮಾಡಿದ ಹಾಗಾಯಿತು. ರಾಜಸ್ಥಾನದವರಿಗೆ ಇದು ಹೊಳೆಯಿತೋ, ಅಥವಾ ಸರ್ಕಾರ ಬದಲಾಯಿತೆಂಬುದಷ್ಟೇ ಕಾರಣವೋ, 2019ರಲ್ಲಿ ಅಲ್ಲಿ ಕಟ್ಟಳೆಯನ್ನು ತೆಗೆದುಹಾಕಿದರು. ಹರಿಯಾಣದಲ್ಲಿ 2016ರ ಚುನಾವಣೆ ಅದರಂತೆಯೇ ನಡೆಯಿತು.

ಇಷ್ಟೆಲ್ಲ ನ್ಯಾಯದ ಮಾತಾಯಿತು. ಆದರೆ ನನ್ನ ಮನಸ್ಸು ತಿರುಗಿದ್ದು ನ್ಯಾಯಶಾಸ್ತ್ರದಿಂದಲ್ಲ.

ನಮ್ಮೂರು ಬಯಲುಸೀಮೆಯ ಸಣ್ಣ ಹಳ್ಳಿ. ನಮ್ಮ ರಾಜ್ಯದಲ್ಲಿ ಶಾಲೆಯ ಅರ್ಹತೆಯನ್ನು ಕೇಳುವ ಇಂಥ ಕಟ್ಟಳೆ ಇಲ್ಲವಾದ್ದರಿಂದ, ಮೀಸಲು ಸ್ಥಾನದಿಂದ ಅರವತ್ತರ ಸಮೀಪದ ಹೆಂಗಸೊಬ್ಬರು ಪಂಚಾಯತಿಗೆ ಆರಿಸಿ ಬಂದಿದ್ದರು. ಕೂಲಿ ಮಾಡಿ ಬದುಕಿದವರು, ಅಕ್ಷರದ ಗಂಧವಿಲ್ಲ. ತಮ್ಮ ಕೇರಿಗೊಂದು ಕೊಳವೆ ಬಾವಿ ಆಗಬೇಕೆಂಬುದೊಂದೇ ಅವರ ಹಟ. ಸಭೆಯಲ್ಲಿ ಎಲ್ಲರೂ ಒಪ್ಪಿದರು, ಠರಾವಾಯಿತು, ಅವರು ಹೆಬ್ಬೆಟ್ಟು ಒತ್ತಿದರು. ಬೇಸಗೆಯ ಹೊತ್ತಿಗೆ ಬಾವಿ ತೋಡಿದ್ದು ಮೇಲಿನ ಬೀದಿಯ ತೋಟವೊಂದರ ಬೇಲಿಯ ಪಕ್ಕದಲ್ಲಿ. ನಡಾವಳಿ ಪುಸ್ತಕವನ್ನು ನೋಡಿದರೆ ಕೇರಿಯ ಹೆಸರೇ ಅದರಲ್ಲಿಲ್ಲ. “ಸಾರ್ವಜನಿಕ ಹಿತದೃಷ್ಟಿಯಿಂದ ಸೂಕ್ತವೆಂದು ಕಂಡುಬರುವ ಸ್ಥಳದಲ್ಲಿ” ಎಂದಿತ್ತು.

ಆ ವಾಕ್ಯವನ್ನು ನಾನು ಎರಡು ಸಲ ಓದಿದೆ. ಒಂದು ಕಾಗುಣಿತದ ತಪ್ಪಿಲ್ಲ, ವಿಭಕ್ತಿ ಕೆಟ್ಟಿಲ್ಲ, ಅಕ್ಷರ ಮುತ್ತಿನಂತೆ. ಬರೆದ ಸದಸ್ಯ ಪದವೀಧರ. ಒಂದು ಕಾಲಕ್ಕೆ ನನ್ನ ತರಗತಿಯ ಮುಂದಿನ ಬೆಂಚಿನಲ್ಲಿ ಕೂರುತ್ತಿದ್ದವನು. ಅವನ ಉತ್ತರಪತ್ರಿಕೆಗೆ ನಾನು ಒಳ್ಳೆಯ ಅಂಕಗಳನ್ನೇ ಕೊಟ್ಟಿದ್ದೆ. ಇಂದು ಆ ವಾಕ್ಯ ಪರೀಕ್ಷೆಯಲ್ಲಿ ಬಂದರೂ ಕಳೆಯುವುದಕ್ಕೆ ನನಗೆ ಕಾರಣ ಸಿಕ್ಕದು. ಇನ್ನೊಬ್ಬರ ನೀರನ್ನು ಹೀಗೆ ಕನ್ನಡದಲ್ಲಿ ಕದಿಯಬಹುದೆಂದು ನಾನಂತೂ ಅವನಿಗೆ ಕಲಿಸಿರಲಿಲ್ಲ. ಹಾಗೆ ಕದಿಯಬಾರದೆಂದು ಕಲಿಸಿದ್ದೆನೆಂದೂ ಧೈರ್ಯವಾಗಿ ಹೇಳಲಾರೆ. ವಿದ್ಯೆಯೊಂದೇ ವಿವೇಚನೆಯನ್ನು ಕೊಡುತ್ತದೆ ಎನ್ನುವ ಮಾತನ್ನು ಆಮೇಲೆ ಎಂದು ಓದಿದರೂ ನನಗೆ ಆ ಮುಂದಿನ ಬೆಂಚು ಕಾಣಿಸುತ್ತದೆ.

ಆಕೆಗೆ ಓದು ಬಂದಿದ್ದರೆ ಈ ಮೋಸ ನಡೆಯುತ್ತಿರಲಿಲ್ಲ ಎನ್ನುವವರಿಗೆ ನನ್ನ ಒಪ್ಪಿಗೆಯಿದೆ. ಅದಕ್ಕಾಗಿಯೇ ಅಕ್ಷರ ಬೇಕು, ರಾತ್ರಿ ಶಾಲೆ ಬೇಕು, ಠರಾವನ್ನು ಸಭೆಯಲ್ಲಿ ಗಟ್ಟಿಯಾಗಿ ಓದಿ ಹೇಳುವ ಕಡ್ಡಾಯ ಬೇಕು. ಆದರೆ ಹರಿಯಾಣದ ಕಾನೂನು ನಮ್ಮೂರಿಗೆ ಬಂದಿದ್ದರೆ ಹೊರಗೆ ಹೋಗುತ್ತಿದ್ದವರು ಆಕೆ, ಉಳಿಯುತ್ತಿದ್ದವನು ಅವನು.

ಬಾವಿಯ ಜಗಳ ಇನ್ನೂ ಮುಗಿದಿರಲಿಲ್ಲ. ದಸರೆಯ ರಜದಲ್ಲಿ ನಾನು ಊರಿಗೆ ಹೋಗಿದ್ದಾಗ ಆಕೆ ಮನೆಗೆ ಬಂದು, ಸೆರಗಿನ ಗಂಟಿನಿಂದ ಕಾಗದವೊಂದನ್ನು ತೆಗೆದು, “ಓದಿ ಮೇಷ್ಟ್ರೇ” ಎಂದರು. ಮುಂದಿನ ಸಭೆಗೆ ಬರಲಿದ್ದ ಹೊಸ ಠರಾವಿನ ಕರಡು ಅದು. ಓದಿದೆ. ಇನ್ನೊಂದು ಸಲ ಓದಿಸಿದರು. ಅರ್ಥ ಹೇಳಹೊರಟರೆ ಬೇಡವೆಂದರು; ಬರೆದದ್ದನ್ನಷ್ಟೇ ಓದಬೇಕು. ಸಂಜೆ ಅಂಗಡಿಯ ಬಳಿ ಹಾದುಹೋಗುವಾಗ, ಅಂಗಡಿಯ ಹುಡುಗ ಅದೇ ಕಾಗದವನ್ನು ಅವರಿಗೆ ಗಟ್ಟಿಯಾಗಿ ಓದಿ ಹೇಳುತ್ತಿದ್ದ. ನನಗೆ ಕೊಂಚ ಮುಖಭಂಗವಾಯಿತು.

“ಏನಮ್ಮಾ, ನನ್ನ ಮೇಲೂ ನಂಬಿಕೆ ಇಲ್ಲವೆ?” ಎಂದೆ.

“ನೀವು ದೊಡ್ಡೋರು, ಸುಳ್ಳು ಯಾಕೆ ಓದ್ತೀರಿ ಮೇಷ್ಟ್ರೇ,” ಎಂದರು ಆಕೆ, ಮುಖದಲ್ಲಿ ನಗೆಯೂ ಇಲ್ಲದೆ. “ಆದ್ರೆ ಹೋದ ಸಲ ಓದಿದೋನೂ ನಿಮ್ಮ ಹತ್ರಾನೇ ಕಲ್ತೋನು ಅಂತ ಹೇಳಿದ್ರು. ಇಬ್ಬರು ಓದಿದ್ದೂ ಒಂದೇ ಆಗಿದೆ. ಈಗ ಒತ್ತುತೀನಿ.”