ಕೇಳಿದ ಬೆಲೆ ಕೊಟ್ಟರೆ ಸಾಕೆ?

ಸುಳ್ಳಾಡದೆ, ತೂಕದಲ್ಲಿ ಮೋಸಮಾಡದೆ, ಕೇಳಿದ ಬೆಲೆಯನ್ನೇ ಕೊಟ್ಟು ಕೊಂಡ ವಸ್ತುವಿನಲ್ಲಿಯೂ ಅದತ್ತಾದಾನದ ದೋಷವಿರಬಹುದೇ? ಈ ಪ್ರಶ್ನೆ ನನಗೆ ಶಾಸ್ತ್ರಸಭೆಯಲ್ಲಿ ಎದುರಾದುದಲ್ಲ. ರಾಯಚೂರಿನ ಗುಜರಿ ಅಂಗಡಿಯೊಂದರಲ್ಲಿ ಎದುರಾಯಿತು.

ದೇವದುರ್ಗದ ಕಡೆ ಮುಚ್ಚಿಹೋದ ಚಿತ್ರಮಂದಿರವೊಂದರ ಸಾಮಾನುಗಳ ನಡುವೆ 15 ಅಂಗುಲದ ಎರಡು ಧ್ವನಿವರ್ಧಕಗಳು ಧೂಳು ಹಿಡಿದು ಬಿದ್ದಿದ್ದವು. ಇಂದಿನ ಧ್ವನಿವರ್ಧಕದ ಮೂಲ ರೂಪವನ್ನು ರೈಸ್ ಮತ್ತು ಕೆಲಾಗ್ ಎಂಬ ಅಮೆರಿಕದ ತಂತ್ರಜ್ಞರು 1925ರಲ್ಲಿ ಲೋಕಕ್ಕೆ ತಿಳಿಸಿದರು. 1945ರಲ್ಲಿ ಬಂದ ಆಲ್ಟೆಕ್ ಲ್ಯಾನ್ಸಿಂಗ್ ಸಂಸ್ಥೆಯ 'ವಾಯ್ಸ್ ಆಫ್ ದ ಥಿಯೇಟರ್' ಮೊದಲಾದವು ಚಿತ್ರಮಂದಿರಗಳಿಗೆಂದೇ ರೂಪುಗೊಂಡವು. ಅಂಥವುಗಳ ಬಿಡಿಭಾಗಗಳನ್ನು ಇಂದು ಸಂಗೀತಪ್ರಿಯರು ಅಪಾರ ಬೆಲೆ ಕೊಟ್ಟು ಕೊಳ್ಳುತ್ತಾರೆ.

ಗುರುತಿಸುವುದಕ್ಕೆ ನಾಮಫಲಕವೊಂದೇ ಸಾಲದು, ಫಲಕವನ್ನು ಬದಲಿಸಬಹುದು. ಹಿಂಬದಿಯ ಅಯಸ್ಕಾಂತವನ್ನು ನೋಡಬೇಕು. ಅಲ್ಯೂಮಿನಿಯಂ, ನಿಕಲ್, ಕೋಬಾಲ್ಟ್ ಬೆರೆತ ಅಲ್ನಿಕೊ ಹಳೆಯ ಕಾಲದ ಲಕ್ಷಣ. 1970ರ ದಶಕದ ಕೊನೆಯಲ್ಲಿ ಕೋಬಾಲ್ಟ್ ದುಬಾರಿಯಾದ ಮೇಲೆ ಬಹುತೇಕ ತಯಾರಕರು ಫೆರೈಟಿಗೆ ತಿರುಗಿದರು. ಕಾಗದದ ಶಂಕುವಿನ ಅಂಚು ಬಟ್ಟೆಯದಾದರೆ ದಶಕಗಳ ಕಾಲ ಬಾಳುತ್ತದೆ, ಫೋಮಿನದಾದರೆ ಪುಡಿಯಾಗುತ್ತದೆ. 16 ಓಮ್‌ನ ಸುರುಳಿ ಮೀಟರಿನಲ್ಲಿ ಸುಮಾರು 12 ತೋರಿಸಬೇಕು. ಬೆರಳುಗಳಿಂದ ಶಂಕುವನ್ನು ಮೆಲ್ಲನೆ ಒತ್ತಿದಾಗ ಉಜ್ಜುವ ಸದ್ದು ಬರಬಾರದು. ಇವೆಲ್ಲವೂ ಸರಿಯಾಗಿದ್ದವು.

"ಇವು ಉಪಯೋಗಕ್ಕ ಬರ್ತಾವೇನ್ರೀ?" ಎಂದು ಅಂಗಡಿಯವನು ಕೇಳಿದನು. "ನೋಡಬೇಕು" ಎಂದೆನು. ಆತನು ಕಬ್ಬಿಣದ ತೂಕದ ಬೆಲೆ ಹೇಳಿದನು, ಕೊಟ್ಟು ತಂದೆನು.

ಆ ರಾತ್ರಿ ಪಂಡಿತ ರಾಜೀವ ತಾರಾನಾಥರ ಸರೋದವಾದನವನ್ನು ಕೇಳಿದೆನು. ಅವರ ತಂದೆ ಪಂಡಿತ ತಾರಾನಾಥರು ಹಮ್‌ದರ್ದ್ ಶಾಲೆಯನ್ನು ಸ್ಥಾಪಿಸಿದ್ದು ನಮ್ಮ ಊರಿನಲ್ಲಿಯೇ. ಮೀಟಿದ ತಂತಿಯ ನಾದ ಕೊನೆಯ ಕಂಪನದವರೆಗೂ ಸ್ಪಷ್ಟವಾಗಿತ್ತು. ಆದರೆ ನಾದದೊಡನೆ ಆ "ನೋಡಬೇಕು" ಎಂಬ ಮಾತೂ ಕೇಳುತ್ತಲೇ ಇತ್ತು. ನಾನು ಆಗಲೇ ನೋಡಿಯಾಗಿತ್ತು!

ಕಷ್ಟಪಟ್ಟು ಕಲಿತ ವಿದ್ಯೆಗೆ ಲಾಭ ಸಲ್ಲಬಾರದೇ ಎಂದು ವಾಚಕರು ಕೇಳಬಹುದು. ಸಲ್ಲಬೇಕು. ರತ್ನಪರೀಕ್ಷಕನ ಜೀವನವೂ ವಿದ್ಯೆಯಿಂದಲೇ ನಡೆಯುತ್ತದೆ. ಆದರೆ ವಿದ್ಯೆಯ ಲಾಭ ಬೇರೆ, ಎದುರಿನವನ ಅಜ್ಞಾನವನ್ನು ಕಾಯ್ದಿಟ್ಟು ಪಡೆದ ಲಾಭ ಬೇರೆ. ಆತನು ಕೇಳದಿದ್ದರೆ ನನ್ನ ಮೌನ ವ್ಯಾಪಾರವಾಗುತ್ತಿತ್ತೇನೋ. ಕೇಳಿದ ಮೇಲೆ ಅದು ಅಸತ್ಯವೇ ಆಯಿತು. ನಕಲಿ ವಸ್ತುವನ್ನು ಅಸಲಿಯೆಂದು ಮಾರುವ ಪ್ರತಿರೂಪಕ ವ್ಯವಹಾರವನ್ನು ಅಚೌರ್ಯವ್ರತದ ಅತಿಚಾರಗಳಲ್ಲಿ ಎಣಿಸಿದ್ದಾರೆ. ಅಸಲಿಯನ್ನು ಗುಜರಿಯೆಂಬಂತೆ ಕೊಂಡದ್ದು ಅದರದೇ ಮತ್ತೊಂದು ಮುಖವಲ್ಲವೇ?

ಮೂರನೆಯ ದಿನ ಹೋಗಿ ನಿಜವನ್ನು ಹೇಳಿದೆನು. ಆತನು ನಕ್ಕು, "ನೀವು ಬರಲಿಲ್ಲಂದ್ರ ನಾ ಇವನ್ನ ಒಡದು ತೂಕಕ್ಕ ಹಾಕ್ತಿದ್ದೆ" ಎಂದನು. ಹೊಸ ಬೆಲೆಯೊಂದನ್ನು ಇಬ್ಬರೂ ಕೂಡಿ ನಿಶ್ಚಯಿಸಿದೆವು. ನನಗೆ ಅದು ಹಗುರವಾದ ವೆಚ್ಚವೇನೂ ಆಗಿರಲಿಲ್ಲ.

ಅಲ್ಲಿಗೇ ಮುಗಿಯಲಿಲ್ಲ. ಮಾನ್ವಿಯಲ್ಲಿ ಇನ್ನೊಂದು ಜೋಡಿ ಇದೆಯೆಂಬ ಸುದ್ದಿ ಬಂದಿತು. ನಿದ್ದೆ ಕೆಟ್ಟಿತು. ತತ್ತ್ವಾರ್ಥಸೂತ್ರವು ಪರಿಗ್ರಹವನ್ನು ವಸ್ತುಗಳ ಎಣಿಕೆಯಿಂದ ಅಳೆಯದೆ ಮೂರ್ಛೆಯಿಂದ ಅಳೆದದ್ದೇಕೆಂಬುದು ಆಗ ಅರ್ಥವಾಯಿತು. ಧ್ವನಿವರ್ಧಕವು ಮತ್ತೆ ಮತ್ತೆ ಅನುಭವಿಸುವ ಉಪಭೋಗದ ವಸ್ತು. ಗೃಹಸ್ಥನಿಗೆ ಅದು ವರ್ಜ್ಯವಲ್ಲ, ಪರಿಮಾಣ ಬೇಕು, ಅಷ್ಟೆ. ಕೇಳುವ ಕಿವಿಗಳು ಎರಡೇ. ಒಂದು ಜೋಡಿಯನ್ನೇ ಮಿತಿಯಾಗಿ ಮಾಡಿಕೊಂಡು ಮಾನ್ವಿಗೆ ಹೋಗಲಿಲ್ಲ.

ಈಗ ಸಂಜೆಯ ಹೊತ್ತು ಆ ಸರೋದವನ್ನು ಕೇಳುತ್ತೇನೆ. ಅಡ್ಡ ಬರುವ ಮಾತಿಲ್ಲ.