ನಂಬಿಕೆಯಲ್ಲಿ ಉತ್ತಮ ಪುರುಷ

ಕೆಲಸ ಸಿಗದಿದ್ದರೆ ನಿಮ್ಮ ಮನೋಭಾವವೇ ಕಾರಣ ಎಂದು ಕಾಲೇಜುಗಳಿಗೆ ಬರುವ ಪ್ರೇರಣಾ ಭಾಷಣಕಾರರು ಸಾರುತ್ತಾರೆ. ಆ ಮಾತಿಗೆ ಮನಶ್ಶಾಸ್ತ್ರದ ಮುದ್ರೆಯನ್ನೂ ಒತ್ತುತ್ತಾರೆ. ಮುದ್ರೆ ಅಮೆರಿಕದ ಮನಶ್ಶಾಸ್ತ್ರಜ್ಞ ಜೂಲಿಯನ್ ರಾಟರ್ ಅವರದು, ಮಾತು ಅವರದಲ್ಲ.

1966ರಲ್ಲಿ ರಾಟರ್ ಪ್ರಕಟಿಸಿದ ಪ್ರಶ್ನಾವಳಿಯಲ್ಲಿ 29 ಜೋಡಿ ಹೇಳಿಕೆಗಳಿದ್ದವು. ಪ್ರತಿ ಜೋಡಿಯಲ್ಲೂ ಒಂದನ್ನು ಆರಿಸಬೇಕು. ಫಲ ತನ್ನ ನಡೆಯಿಂದಲೇ ಬರುತ್ತದೆಂದು ನಿರೀಕ್ಷಿಸುವವನ ನಿಯಂತ್ರಣದ ನೆಲೆ ಒಳಗಿದೆ. ಅದೃಷ್ಟದಿಂದ, ಬಲಾಢ್ಯರ ಕೃಪೆಯಿಂದ ಎನ್ನುವವನದು ಹೊರಗಿದೆ. ತಿಮೊಥಿ ಜಡ್ಜ್ ಮತ್ತು ಜಾಯ್ಸ್ ಬೋನೋ 2001ರಲ್ಲಿ ಹಲವು ಅಧ್ಯಯನಗಳನ್ನು ಒಟ್ಟುಗೂಡಿಸಿದಾಗ, ಒಳನೆಲೆಗೂ ಕೆಲಸದ ಸಾಧನೆಗೂ ನಡುವಣ ಸಹಸಂಬಂಧ ಸುಮಾರು 0.22 ಬಂತು. ಕಡೆಗಣಿಸುವಂಥದ್ದಲ್ಲ, ಹಣೆಬರಹವನ್ನೇ ಅಳಿಸಿ ಬರೆಯುವಷ್ಟೂ ಅಲ್ಲ.

ಈಗ ಆ ಹೇಳಿಕೆಗಳ ವ್ಯಾಕರಣ ನೋಡಿ. ಕೆಲವು ‘ನಾನು’ ಎನ್ನುತ್ತವೆ, ಕೆಲವು ‘ಜನರು’ ಎನ್ನುತ್ತವೆ. ಪೆಟ್ರೀಷಿಯಾ ಗುರಿನ್ ಮತ್ತು ಸಂಗಡಿಗರು 1969ರಲ್ಲಿ ಅಮೆರಿಕದ ಕಪ್ಪುವರ್ಣೀಯ ವಿದ್ಯಾರ್ಥಿಗಳ ಉತ್ತರಗಳನ್ನು ಬಿಡಿಸಿ ನೋಡಿದಾಗ ಇವೆರಡೂ ಬೇರೆಬೇರೆ ನಿಂತವು. ನನ್ನ ಬದುಕು ನನ್ನ ಕೈಲಿದೆ ಎಂಬ ನಂಬಿಕೆ ಒಂದು. ಜಗತ್ತಿನಲ್ಲಿ ಎಲ್ಲರಿಗೂ ಯೋಗ್ಯತೆಗೆ ತಕ್ಕಷ್ಟೇ ಸಿಗುತ್ತದೆ ಎಂಬುದು ಇನ್ನೊಂದು. ಮೊದಲನೆಯದು ಇದ್ದವರ ಆಕಾಂಕ್ಷೆ ದೊಡ್ಡದಿತ್ತು. ಎರಡನೆಯದನ್ನು ಒಪ್ಪದೆ, ನಮ್ಮವರು ಹಿಂದುಳಿಯಲು ತಾರತಮ್ಯವೇ ಕಾರಣ ಎಂದವರು ಕೈಕಟ್ಟಿ ಕೂತವರಾಗಿರಲಿಲ್ಲ. ತಮ್ಮವರು ಅಷ್ಟಾಗಿ ಕಾಲಿಡದ ವೃತ್ತಿಗಳತ್ತ ಕಣ್ಣಿಟ್ಟವರು ಹೆಚ್ಚಾಗಿ ಇವರೇ, ಸಾಮೂಹಿಕ ಹೋರಾಟಕ್ಕೆ ಸಿದ್ಧರಿದ್ದವರೂ ಇವರೇ. ಉತ್ತಮ ಪುರುಷದಲ್ಲಿ ಬಲ ಕೊಡುವ ನಂಬಿಕೆಯೇ ಪ್ರಥಮ ಪುರುಷಕ್ಕೆ ಜಾರಿದರೆ ತೀರ್ಪಾಗಿಬಿಡುತ್ತದೆ.

ಸ್ಯಾಮ್ಯುಯೆಲ್ ಸ್ಮೈಲ್ಸ್ ಜೊತೆ ನನ್ನ ಜಗಳ ಇಲ್ಲೇ. ಅವನ 1859ರ ‘ಸೆಲ್ಫ್ ಹೆಲ್ಪ್’ ಗೆದ್ದವರ ಜೀವನಗಳನ್ನು ಪೋಣಿಸಿದ ಪುಸ್ತಕ. ಅವರ ಶ್ರಮ ನಿಜ, ಅದಕ್ಕೆ ನನ್ನ ಗೌರವವಿದೆ. ಸೋತವರ ಕಥೆ ಏಕಿಲ್ಲ ಎಂಬ ಆಕ್ಷೇಪಕ್ಕೆ ಅವನು 1866ರ ಮುನ್ನುಡಿಯಲ್ಲಿ ಕೊಟ್ಟ ಉತ್ತರದ ಸಾರ: ಬರೀ ಸೋಲಿನ ದಾಖಲೆ ಮನ ಕುಗ್ಗಿಸುತ್ತದೆ, ಏನನ್ನೂ ಕಲಿಸುವುದಿಲ್ಲ. ಅಷ್ಟೇ ಬೆವರು ಸುರಿಸಿಯೂ ಸೋತವನಿಂದ ಕಲಿಯುವುದು ಏನೂ ಇಲ್ಲವೆ? ದುಡಿಮೆಯ ಹೊರತು ಇನ್ನೇನು ಬೇಕಿತ್ತು ಎಂಬುದನ್ನು ಅವನಲ್ಲದೆ ಬೇರೆ ಯಾರು ಹೇಳಬಲ್ಲರು?

ಒಳನೆಲೆಯವರು ಒಳ್ಳೆಯವರು, ಹೊರನೆಲೆಯವರು ಕೆಟ್ಟವರು ಎಂದು ಭಾಗ ಮಾಡಬೇಡಿ ಎಂದು ರಾಟರ್ 1975ರಲ್ಲೇ ಎಚ್ಚರಿಸಿದ್ದರು. ಅವರ ತಂದೆಯ ವ್ಯಾಪಾರ ಮಹಾ ಆರ್ಥಿಕ ಕುಸಿತದಲ್ಲಿ ಮುಳುಗಿತ್ತು. ಸನ್ನಿವೇಶ ಮನುಷ್ಯನ ಮೇಲೆ ಏನು ಮಾಡುತ್ತದೆಂಬ ಪಾಠ ಸಿಕ್ಕಿದ್ದು ಆ ದಿನಗಳಲ್ಲೇ ಎಂದು ಅವರೇ ಹೇಳಿಕೊಂಡಿದ್ದಾರೆ.